ಹಂದಿಮಾಂಸವೂ ಘಟ್ಟದ ಹುಳಿಯೂ

ನಾಡಿನ ಇತಿಹಾಸವೆಂದರೆ ಕೋಟೆ, ದೇವಾಲಯ, ತಾಮ್ರಶಾಸನಗಳು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಒಲೆಯ ಮೇಲಿನ ಮಡಕೆಗೂ ಒಂದು ಇತಿಹಾಸವುಂಟು. ಯಾವ ಪದಾರ್ಥ ಯಾವ ದಾರಿಯಾಗಿ ಬಂದಿತು, ಯಾರು ತಂದರು, ಯಾರ ಮನೆಯ ಒಳಗೆ ಬೆಂದಿತು, ಯಾರ ಮನೆಯ ಹೊರಗೆ ಬೆಂದಿತು ಎಂಬುದನ್ನು ವಿಚಾರಿಸುತ್ತ ಹೋದರೆ, ರಾಜರ ವಂಶಾವಳಿ ಹೇಳದ ಎಷ್ಟೋ ಸಂಗತಿಗಳು ತಿಳಿದುಬರುತ್ತವೆ. ಮಲೆನಾಡಿನ ಹಂದಿಮಾಂಸದ ಅಡುಗೆ ಅಂಥ ಒಂದು ವಿಷಯ.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರವನ್ನು ನೀವು ನೋಡಿರಬಹುದು. ಅದೊಂದು ದೊಡ್ಡ ಊರೇನೂ ಅಲ್ಲ. ದಾರಿಗಳು ಕೂಡುವ ಸ್ಥಳ. ಒಂದು ದಾರಿ ಚಾರ್ಮಾಡಿ ಘಾಟಿಯನ್ನಿಳಿದು ಉಜಿರೆ, ಬೆಳ್ತಂಗಡಿಗಳ ಕಡೆಗೆ ಕರಾವಳಿಗೆ ಹೋಗುತ್ತದೆ. ಇನ್ನೊಂದು ಮೂಡಿಗೆರೆಯ ಮೇಲೆ ಬಯಲುಸೀಮೆಯತ್ತ ಸಾಗುತ್ತದೆ. ಮತ್ತೊಂದು ಕಳಸ, ಹೊರನಾಡುಗಳ ಕಡೆಗೆ ಬೆಟ್ಟದೊಳಗೆ ಹೊಕ್ಕುತ್ತದೆ. ದಾರಿಗಳು ಕೂಡುವಲ್ಲಿ ರುಚಿಗಳೂ ಕೂಡುತ್ತವೆ. ಗಟ್ಟಿಯಾದ ಮಾಂಸವನ್ನು ಮೆದುಗೊಳಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಬಯಲುಸೀಮೆಯ ಅರಮನೆ ಒಂದು ಉತ್ತರ ಕೊಟ್ಟಿತು, ಕಾಡು ಇನ್ನೊಂದನ್ನು ಕೊಟ್ಟಿತು, ಕಡಲು ಮೂರನೆಯದನ್ನು ಕೊಟ್ಟಿತು. ಈ ಮೂರನ್ನೂ ಕಾಫಿತೋಟದ ಸೀಮೆಯ ಅಡುಗೆಯಲ್ಲಿ ಕಾಣಬಹುದು.

ಮೊದಲು ಗ್ರಂಥಗಳ ಸಾಕ್ಷ್ಯವನ್ನು ನೋಡೋಣ. ಕನ್ನಡದಲ್ಲಿ ಪಾಕಶಾಸ್ತ್ರಕ್ಕೆ ಕೊರತೆಯಿಲ್ಲ. 1025ರ ಸುಮಾರಿನ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಯ ಭಾಗವೊಂದುಂಟು. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಬರೆದಿದ್ದಾನೆ. ಆದರೆ ಇವೆರಡೂ ಸಸ್ಯಾಹಾರವನ್ನು ಮಾತ್ರ ಹೇಳುತ್ತವೆ, ಮಂಗರಸನಂತೂ ಜೈನ. ಹೀಗಾಗಿ ಕನ್ನಡಿಗರು ಮಾಂಸವನ್ನು ಹೇಗೆ ಬೇಯಿಸುತ್ತಿದ್ದರೆಂದು ತಿಳಿಯಬೇಕಾದರೆ, ಕನ್ನಡನಾಡಿನಲ್ಲಿ ಹುಟ್ಟಿದ ಒಂದು ಸಂಸ್ಕೃತ ಗ್ರಂಥವನ್ನು ತೆರೆಯಬೇಕು. ಅದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'. ಇದಕ್ಕೆ 'ಅಭಿಲಷಿತಾರ್ಥಚಿಂತಾಮಣಿ' ಎಂಬ ಹೆಸರೂ ಉಂಟು.

ಈ ಗ್ರಂಥದ ಅನ್ನಭೋಗವೆಂಬ ಪ್ರಕರಣದಲ್ಲಿ ಹಂದಿಯ ಅಡುಗೆಗೆ ಸಾಕಷ್ಟು ಸ್ಥಳ ದೊರೆತಿದೆ. ಹಂದಿಯ ಮೈಮೇಲೆ ಬಿಳಿಯ ಬಟ್ಟೆ ಹೊದಿಸಿ, ಕೂದಲು ಕೈಗೆ ಬರುವವರೆಗೆ ಕುದಿಯುವ ನೀರು ಸುರಿಯಬೇಕು; ಇಲ್ಲವೆ ಮೈಗೆ ಮಣ್ಣು ಬಳಿದು ಹುಲ್ಲಿನ ಬೆಂಕಿಯಲ್ಲಿ ಸುಡಬೇಕು. ಹೀಗೆ ಶುದ್ಧಮಾಡಿದ ಮಾಂಸವನ್ನು ತುಂಡರಿಸಿ, ಉಪ್ಪು, ಹುಳಿ, ಮೆಣಸುಗಳನ್ನು ಸೇರಿಸಿ ಸುಡುವ, ಬೇಯಿಸುವ ಕ್ರಮಗಳನ್ನು ಅಲ್ಲಿ ಹೇಳಿದೆ. ತಾಳೆಗರಿಯಂತೆ ತೆಳ್ಳಗೆ ಸೀಳಿದ ಪಟ್ಟಿಗಳನ್ನು ಮಸಾಲೆ ಬೆರೆಸಿದ ಮೊಸರಿನಲ್ಲಿ ಹಾಕುವ ಕ್ರಮವೂ ಇದೆ. ಈ ಬಗೆಯ ಅಡಿಗೆಗೆ 'ಶುಂಠಕ' ಎಂದು ಹೆಸರು. ಇನ್ನೊಂದು ಸ್ವಾರಸ್ಯವನ್ನು ಗಮನಿಸಿ. ಚಾಲುಕ್ಯರ ರಾಜಮುದ್ರೆ ವರಾಹ. ಅದರಿಂದಲೇ ಹೊನ್ನಿನ ನಾಣ್ಯಕ್ಕೂ ವರಾಹವೆಂಬ ಹೆಸರು ನಿಂತಿತು. ಯಾವ ಪ್ರಾಣಿ ಮುದ್ರೆಯ ಮೇಲೆ ವಿಷ್ಣುವಿನ ಅವತಾರವಾಗಿ ಪೂಜ್ಯವಾಗಿತ್ತೋ ಅದೇ ಪ್ರಾಣಿ ಆ ಚಕ್ರವರ್ತಿಯ ಭೋಜನಶಾಲೆಯಲ್ಲಿಯೂ ಗೌರವ ಪಡೆದಿತ್ತು. ಸೋಮೇಶ್ವರನ ಕಾಲದಲ್ಲಿ ಹೊಯ್ಸಳ ವಿಷ್ಣುವರ್ಧನನು ದ್ವಾರಸಮುದ್ರದಿಂದ ಆಳುತ್ತಿದ್ದನು. ಆ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಎಂದರೆ ಇಂದಿನ ಅಂಗಡಿ, ಇದೇ ಮೂಡಿಗೆರೆ ತಾಲ್ಲೂಕಿನಲ್ಲಿದೆ.

ಅರಮನೆಯ ಮಾತು ಹೀಗಾಯಿತು. ಇನ್ನು ಕಾಡಿನ ಮಾತು. ಹಂದಿಯ ಬೇಟೆ ಎಂಥ ಗಂಡಾಂತರದ ಕೆಲಸವೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿಗಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು ಏನು ಬೇಕೆಂದು ಕೇಳಿದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯನ್ನು. ಆ ನಾಯಿಯನ್ನು ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಕಾಳಿಯ ನೆನಪಿಗೆ ನೆಡಿಸಿದ, 949–50ರ ಕಾಲದ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಮತ್ತು ಹಂದಿಯ ಹೋರಾಟವನ್ನು ಅದರ ಮೇಲೆ ಕೆತ್ತಿದ್ದಾರೆ.

ಬೆನ್ನಟ್ಟಿ ಕೊಂದ ಪ್ರಾಣಿಯ ಮಾಂಸಕ್ಕೆ ಒಂದು ವಿಶೇಷ ಗುಣವಿದೆ. ವಿಶ್ರಾಂತಿಯಲ್ಲಿದ್ದ ಪ್ರಾಣಿಯನ್ನು ಕಡಿದಾಗ, ಅದರ ಸ್ನಾಯುಗಳಲ್ಲಿ ಶೇಖರವಾಗಿದ್ದ ಸಕ್ಕರೆಯ ಅಂಶ ನಿಧಾನವಾಗಿ ಆಮ್ಲವಾಗಿ ಮಾರ್ಪಡುತ್ತದೆ. ಒಂದು ಹಗಲಿರುಳು ಕಳೆಯುವುದರೊಳಗೆ ಮಾಂಸಕ್ಕೆ ತಾನಾಗಿಯೇ ಒಂದು ನಸುಹುಳಿಯ ಹದ ಬರುತ್ತದೆ. ಇದರಿಂದ ಮಾಂಸ ಬೇಗ ಕೆಡುವುದಿಲ್ಲ. ಆದರೆ ಗಂಟೆಗಟ್ಟಲೆ ಓಡಿ ಬಳಲಿದ ಹಂದಿಯಲ್ಲಿ ಆ ಸಕ್ಕರೆ ಮೊದಲೇ ವ್ಯಯವಾಗಿರುತ್ತದೆ. ಅದರ ಮಾಂಸ ಕಪ್ಪಾಗಿ, ಬಿಗಿಯಾಗಿ, ಅಂಟಂಟಾಗಿ ಇರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಅದು ಬೇಗ ಹಳಸುತ್ತದೆ. ಪ್ರಾಣಿಯೊಳಗಿಂದ ಬರಬೇಕಾಗಿದ್ದ ಹುಳಿಯನ್ನು ಹೊರಗಿನಿಂದ ತಂದು ಸೇರಿಸುವುದೊಂದೇ ಇದಕ್ಕೆ ಪರಿಹಾರ. ಈ ರಸಾಯನಶಾಸ್ತ್ರವನ್ನು ಬೇಟೆಗಾರರು ಓದಿರಲಿಲ್ಲ. ಆದರೆ ಪರಿಹಾರವನ್ನು ಅವರು ಅದೇ ಕಾಡಿನಲ್ಲಿ ಕಂಡುಕೊಂಡಿದ್ದರು.

ಆ ಪರಿಹಾರವೇ ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಉಪ್ಪಾಗೆ ಮರದ ಹಣ್ಣು. ಮುರುಗಲು ಇದರ ಒಡಹುಟ್ಟಿದ ಮರ. ಮಲಯಾಳಿಗಳು ಮೀನಿನ ಸಾರಿಗೆ ಹಾಕುವ ಕೊಡಂಪುಳಿ ಇದೇ ಹಣ್ಣಿನ ಒಣಗಿದ ಸಿಪ್ಪೆ. ಕೊಡಗಿನವರು ಮಳೆಗಾಲದಲ್ಲಿ ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿ ತುಂಬಿ, ಕೆಳಗೆ ಪಾತ್ರೆ ಇಟ್ಟು ರಸ ತೊಟ್ಟಿಕ್ಕಲು ಬಿಡುತ್ತಾರೆ. ಆ ರಸವನ್ನು ಬಹಳ ಹೊತ್ತು ಕುದಿಸಿ ಕುದಿಸಿ, ಕಪ್ಪಾಗಿ ಮಂದವಾದ ಮೇಲೆ ಸೀಸೆಗೆ ತುಂಬುತ್ತಾರೆ. ಇದೇ ಕಾಚಂಪುಳಿ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಕೈಲ್‌ಪೊಳ್ದ್ ಹಬ್ಬದ ಪಂದಿಕರಿಗೆ ಇದಿಲ್ಲದೆ ಕಳೆಯಿಲ್ಲ. ಈ ಹಣ್ಣಿನ ಹುಳಿ ಎಂಥದೆಂಬುದನ್ನು ಶೋಧಿಸಿದವರು ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ಅದರ ಮುಖ್ಯ ಅಂಶ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಅವರು 1965ರಲ್ಲಿ ಪ್ರಕಟಿಸಿದರು. ಕಾಡಿನ ಅಡುಗೆಯವರು ನಾಲಗೆಯಿಂದ ತಿಳಿದಿದ್ದುದಕ್ಕೆ ಪ್ರಯೋಗಶಾಲೆ ಹೆಸರು ಕೊಟ್ಟಿತು.

ಇನ್ನು ಕಡಲಿನ ಹುಳಿ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ನಾಡಿನಲ್ಲಿ ಮಾಂಸವನ್ನು ದ್ರಾಕ್ಷಿಯ ಮದ್ಯ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಹಾಕಿ ಇಡುವ ಪದ್ಧತಿಯಿತ್ತು. 'ವಿಣ್ಯ ದಾಲ್ಯುಸ್' ಎಂಬುದು ಅದರ ಹೆಸರು. ಗೋವೆಯಲ್ಲಿ ದ್ರಾಕ್ಷಿಯ ಮದ್ಯ ಎಲ್ಲಿಂದ ಬರಬೇಕು? ತೆಂಗಿನ ಕಳ್ಳನ್ನು ಹುಳಿಯಿಸಿದ ವಿನೆಗರ್ ಅದರ ಸ್ಥಾನಕ್ಕೆ ಬಂದಿತು. ಅಮೆರಿಕ ಖಂಡದಿಂದ ಅವರೇ ತಂದ ಮೆಣಸಿನಕಾಯಿಯೂ ಸೇರಿಕೊಂಡಿತು. ಹೆಸರು ನಮ್ಮ ಬಾಯಲ್ಲಿ ವಿಂದಾಲು ಆಯಿತು. ಗೋವೆಯಿಂದ ಕನ್ನಡ ಜಿಲ್ಲೆಗೆ ವಲಸೆ ಬಂದ ಕೊಂಕಣಿ ಕ್ರೈಸ್ತರು ಈ ಪಾಕವನ್ನು ಮಂಗಳೂರಿಗೆ ತಂದರು. 1784ರಲ್ಲಿ ಟಿಪ್ಪುವಿನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದವರಲ್ಲಿ ಬದುಕುಳಿದವರು 1799ರ ನಂತರ ಊರಿಗೆ ಮರಳಿದರು. ಮುಂದೆ ಅವರಲ್ಲಿ ಅನೇಕ ಕುಟುಂಬಗಳು ಘಟ್ಟವನ್ನೇರಿ, ತೋಟದ ಮಾಲೀಕರಾಗಿ, ರೈಟರುಗಳಾಗಿ, ಕೆಲಸಗಾರರಾಗಿ ಕಾಫಿ ಸೀಮೆಯಲ್ಲಿ ನೆಲಸಿದವು. ಅವರೊಡನೆ ವಿನೆಗರೂ, ಬಫಾತ್ ಪುಡಿಯೂ ಚಿಕ್ಕಮಗಳೂರು ಜಿಲ್ಲೆಗೆ ಬಂದವು.

ಕಾಡಿನ ಹುಳಿಗೂ ಕಡಲಿನ ಹುಳಿಗೂ ಬಳಸುವ ಕ್ರಮದಲ್ಲಿ ವ್ಯತ್ಯಾಸವುಂಟು. ವಿನೆಗರನ್ನು ಮೊದಲೇ ಹಾಕಿ ರಾತ್ರಿಯೆಲ್ಲ ನೆನೆಸುತ್ತಾರೆ. ಕಾಚಂಪುಳಿಯನ್ನಾದರೋ ಮಾಂಸ ಬೆಂದ ಮೇಲೆ, ಹುರಿದು ಕಪ್ಪಾಗಿಸಿದ ಕೊತ್ತಂಬರಿ, ಜೀರಿಗೆ, ಕರಿಮೆಣಸಿನ ಪುಡಿಯೊಡನೆ ಕೊನೆಗೆ ಸೇರಿಸುವುದು ರೂಢಿ. ಮೊದಲನೆಯದು ಹಡಗಿನ ಪ್ರಯಾಣದ ಶಿಸ್ತು. ಅಲ್ಲಿ ಮಾಂಸ ಹಲವು ದಿನ ಉಳಿಯಬೇಕು. ಎರಡನೆಯದು ಮನೆಯ ಶಿಸ್ತು. ಬೇಯಿಸಿದ ಪಲ್ಯ ಮರುದಿನಕ್ಕೂ ಮೂರನೆಯ ದಿನಕ್ಕೂ ಕೆಡದೆ ಬರಬೇಕು.

ಮಾಂಸದ ಭಾಗಗಳನ್ನು ಆರಿಸುವ ಮಾತಿಗೆ ಬರೋಣ. ಬೆನ್ನು, ತೊಡೆ, ಪಕ್ಕೆ ಎಂದು ಕೇಳಿ ಕೊಳ್ಳುವುದು ನಮ್ಮಲ್ಲಿ ಇತ್ತೀಚಿನ ಅಭ್ಯಾಸ. ಹಳೆಯ ಕ್ರಮದಲ್ಲಿ ಪಾಲು ಎಂಬುದಿತ್ತು, ಆಯ್ಕೆ ಇರಲಿಲ್ಲ. ಬೇಟೆಯಲ್ಲಿ ಹೊಡೆದವನಿಗೊಂದು ವಿಶೇಷ ಪಾಲು, ನಾಯಿ ತಂದವನಿಗೊಂದು ಪಾಲು, ಉಳಿದದ್ದು ಸಮಪಾಲು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಾಡುಹಂದಿಯನ್ನು ಬೇಟೆಯಾಡುವುದು ಅಪರಾಧವಾಯಿತು. ಸಾಕಿದ ಹಂದಿಯನ್ನು ಊರಿನಲ್ಲಿ ಕಡಿದಾಗಲೂ ಗುಡ್ಡೆ ಹಾಕುವುದೇ ಪದ್ಧತಿ. ಬಾಳೆಲೆಯ ಮೇಲೆ ಪ್ರತಿಯೊಂದು ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಪಕ್ಕೆ, ನೆಣ, ಈಲಿ, ಮೂಳೆ ಬೀಳುತ್ತವೆ. ಒಳ್ಳೆಯ ಭಾಗ ಹಣವಂತನಿಗೆ, ಮೂಳೆ ಬಡವನಿಗೆ ಎಂಬ ಭೇದಕ್ಕೆ ಅಲ್ಲಿ ಎಡೆಯಿಲ್ಲ.

ಈ ನ್ಯಾಯಕ್ಕೆ ಅಡುಗೆಯವಳು ಬೆಲೆ ತೆರಬೇಕಾಗಿತ್ತು. ಒಂದೇ ಮಡಕೆಯಲ್ಲಿ ಅರ್ಧ ಗಂಟೆಗೆ ಬೇಯುವ ತುಂಡೂ ಎರಡು ಗಂಟೆ ಹಿಡಿಯುವ ತುಂಡೂ ಬಂದು ಬೀಳುತ್ತಿದ್ದವು. ಮೂಳೆ ಮತ್ತು ಮುಂಗಾಲಿನ ತುಂಡು ಮೊದಲು, ತೊಗಲೊಡನಿರುವ ನೆಣ ಅದರ ಜೊತೆಗೆ, ಬೆನ್ನಿನ ಮೆದು ಮಾಂಸ ಆಮೇಲೆ, ಈಲಿ ಎಲ್ಲಕ್ಕಿಂತ ಕೊನೆಗೆ ಎಂಬ ಅನುಕ್ರಮವನ್ನು ಆಕೆ ಯಾವ ಪುಸ್ತಕದಿಂದಲೂ ಕಲಿತವಳಲ್ಲ. ಮಂಗರಸನ ಪದ್ಯಗಳಷ್ಟೇ ಗೌರವಕ್ಕೆ ಈ ಜ್ಞಾನವೂ ಅರ್ಹವಾದುದು. ಆದರೆ ಅದನ್ನು ಬರೆದಿಟ್ಟವರು ಇಲ್ಲ.

ಈಗ ನೀವು ಅಂಗಡಿಯಲ್ಲಿ ನಿಂತು ಆರಿಸಬಲ್ಲಿರಿ. ಹಾಗಾದರೆ ಆ ಅನುಕ್ರಮದ ಹಿಂದಿರುವ ಕಾರಣವನ್ನು ತಿಳಿದಿರುವುದು ಒಳ್ಳೆಯದು. ಪ್ರಾಣಿ ಯಾವ ಭಾಗವನ್ನು ಹೆಚ್ಚು ದುಡಿಸುವುದೋ ಆ ಭಾಗ ಗಟ್ಟಿ. ಭುಜ, ಮುಂಗಾಲು, ಕತ್ತು ಇವುಗಳಲ್ಲಿ ಸ್ನಾಯುಗಳನ್ನು ಬಿಗಿದಿಡುವ ನಾರಿನ ಅಂಶ ಹೆಚ್ಚು. ನಿಧಾನವಾದ ಉರಿಯಲ್ಲಿ ಒಂದೂವರೆ, ಎರಡು ಗಂಟೆ ಬೆಂದರೆ ಈ ನಾರು ಕರಗಿ ಅಂಟಿನಂತಾಗಿ, ಸಾರಿಗೆ ಮೈ ಕೊಡುತ್ತದೆ. ಆದುದರಿಂದ ಪಲ್ಯಕ್ಕೂ ಸಾರಿಗೂ ಭುಜದ ಮಾಂಸವೇ ಶ್ರೇಷ್ಠ. ಹೊಟ್ಟೆಯ ಪದರದಲ್ಲಿ ನೆಣ ಮತ್ತು ಮಾಂಸ ಒಂದರ ಮೇಲೊಂದು ಇರುವುದರಿಂದ ಅದು ಒಣಗುವ ಭಯವಿಲ್ಲ. ಬೆನ್ನಿನ ಮಾಂಸ ಹುಟ್ಟಿನಿಂದಲೇ ಮೆದು. ಅದನ್ನು ಬೇಗ ಹುರಿದು ಇಳಿಸಬೇಕು. ಎರಡು ಗಂಟೆ ಕುದಿಸಿದರೆ ಮರದ ತೊಗಟೆಯಂತಾಗುತ್ತದೆ. ತೊಡೆ ಇವೆರಡರ ನಡುವಿನದು. ಬೀಜ ತೆಗೆಯದ ಬೆಳೆದ ಗಂಡು ಹಂದಿಯ ಮಾಂಸಕ್ಕೆ ಕಾಯಿಸಿದಾಗ ಒಂದು ಕಟುವಾಸನೆ ಬರುವುದುಂಟು. ಹಳಬರು ಎಳೆಯದರಲ್ಲಿಯೇ ಬೀಜ ತೆಗೆಸುತ್ತಿದ್ದುದು ಇದೇ ಕಾರಣಕ್ಕಾಗಿ. ಮಾಂಸ ನಸುಗೆಂಪಾಗಿದ್ದು, ನೆಣ ಬೆಳ್ಳಗೆ ಗಟ್ಟಿಯಾಗಿರಬೇಕು. ತೀರ ಬಿಳಿಚಿ ನೀರು ಸೋರುವ ಮಾಂಸ, ಕಡಿಯುವ ಮುನ್ನ ಹೆದರಿ ಒದ್ದಾಡಿದ ಪ್ರಾಣಿಯದಾಗಿರುವ ಸಂಭವವುಂಟು. ಕಡಿದ ಕೆಲವು ಗಂಟೆಗಳಲ್ಲಿ ಮಾಂಸ ಬಿಗಿದುಕೊಳ್ಳುತ್ತದೆ. ಒಂದು ದಿನ ತಣ್ಣಗೆ ಇಟ್ಟರೆ ಮತ್ತೆ ಸಡಿಲವಾಗುತ್ತದೆ. ಸೈತಾನಿ ಆತುರ ಅಡುಗೆಗೆ ಹಿತವಲ್ಲ.

ಇನ್ನು ನೆನೆಸುವ ವಿಚಾರ. ಹುಳಿ ಮಾಂಸದ ಒಳಗೆಲ್ಲ ಇಳಿಯುತ್ತದೆಂಬುದು ಅನೇಕರ ನಂಬಿಕೆ. ರಾತ್ರಿಯಿಡೀ ಬಿಟ್ಟರೂ ಅದು ಮೇಲಿನ ತೆಳುಪದರವನ್ನು ದಾಟಿ ಹೆಚ್ಚು ಆಳಕ್ಕೆ ಹೋಗುವುದಿಲ್ಲ. ಒಳಗಿನವರೆಗೆ ಇಳಿಯುವ ಶಕ್ತಿ ಉಪ್ಪಿಗೆ ಉಂಟು. ಬೇಯುವಾಗ ಮಾಂಸ ತನ್ನ ನೀರನ್ನು ಹಿಡಿದುಕೊಳ್ಳುವಂತೆ ಮಾಡುವುದೂ ಉಪ್ಪೇ. ಹೀಗಾಗಿ ಒಂದು ಕಿಲೋಗ್ರಾಮ್ ಭುಜದ ಮಾಂಸವನ್ನು ಒಂದಂಗುಲದ ತುಂಡುಗಳಾಗಿ ಮಾಡಿ, ಎರಡು ಚಹಾ ಚಮಚ ಉಪ್ಪು, ಅರ್ಧ ಚಮಚ ಅರಿಸಿನ, ಜಜ್ಜಿದ ಬೆಳ್ಳುಳ್ಳಿ, ಶುಂಠಿ ಸವರಿ ಒಂದೆರಡು ಗಂಟೆ ಬಿಟ್ಟರೆ ಸಾಕು. ನೀರನ್ನು ಬಹಳ ಹಾಕಬೇಡಿ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಟ್ಟರೆ ತನ್ನ ನೀರಿನಲ್ಲಿಯೇ, ತನ್ನ ನೆಣದಲ್ಲಿಯೇ ಬೇಯುತ್ತದೆ. ಕಾಚಂಪುಳಿಯಾದರೆ ಕೊನೆಗೆ ಒಂದೆರಡು ಚಮಚ. ವಿನೆಗರ್ ಆದರೆ ಕಾಲು ಬಟ್ಟಲು ಹಾಕಿ ತಂಪಿನಲ್ಲಿ ಒಂದು ರಾತ್ರಿ ಇಡಬಹುದು. ಆದರೆ ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳನ್ನು ಮುಟ್ಟಬಾರದು. ಪಿಂಗಾಣಿಯೋ ಗಾಜೋ ಮಣ್ಣಿನದೋ ಆಗಬೇಕು. ಹಸಿ ಪರಂಗಿಕಾಯಿಯ ರಸ ಬೇರೆ ಜಾತಿಯದು. ಅದು ಮಾಂಸದ ಸತ್ತ್ವವನ್ನೇ ಕತ್ತರಿಸುತ್ತದೆ. ಒಂದು ಚಮಚಕ್ಕಿಂತ ಹೆಚ್ಚಾದರೆ, ಹೊತ್ತು ಮೀರಿದರೆ, ತುಂಡಿನ ಮೇಲ್ಮೈ ಹಿಟ್ಟಿನಂತಾಗುತ್ತದೆ. ತೋಟದ ಕಾಡುಹಂದಿಗೆ ಬೇಕಾಗಿದ್ದ ಉಗ್ರ ಉಪಾಯಗಳು ಇಂದಿನ ಯಾರ್ಕ್‌ಷೈರ್ ತಳಿಯ ಎಳೆಯ ಹಂದಿಗೆ ಬೇಕಿಲ್ಲ.

ಬೇಯಿಸುವ ಕಾಲವನ್ನು ಮಾತ್ರ ಮೊಟಕುಮಾಡಬಾರದು. ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಗುಳ್ಳೆಗಳಿರುವ ಸಂಭವವುಂಟು. ಒಳಗಿನವರೆಗೂ ಚೆನ್ನಾಗಿ ಬೆಂದರೆ ಅವು ಸಾಯುತ್ತವೆ. ಹುಳಿಯನ್ನು ನಂಬಿ ಅರೆಬೇಯಿಸಬಾರದು. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಹುಳುವಿನ ಮರಿ ಮೆದುಳಿಗೆ ಸೇರಿ ಮೂರ್ಛೆರೋಗ ತರುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಆದರೆ ಆ ರೋಗ ಬರುವುದು ಮಾಂಸದಿಂದ ನೇರವಾಗಿ ಅಲ್ಲ. ಮನುಷ್ಯರ ಮಲದ ಮೂಲಕ ನೀರಿಗೂ ತರಕಾರಿಗೂ ಸೇರಿದ ಹುಳುವಿನ ಮೊಟ್ಟೆಗಳಿಂದ. ಎಂದೂ ಮಾಂಸ ಮುಟ್ಟದವರಿಗೂ ಅದು ಬರುತ್ತದೆ. ಶೌಚಾಲಯ, ಶುದ್ಧ ನೀರು, ದೊಡ್ಡಿಯಲ್ಲಿ ಕಟ್ಟಿ ಸಾಕಿದ ಹಂದಿ ಇವು ಮೂರೂ ಇದ್ದರೆ ಭಯವಿಲ್ಲ. ರೋಗದ ಹೊಣೆಯನ್ನು ತಿನ್ನುವವರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ನ್ಯಾಯದ ಮಾತು ಬಂದುದರಿಂದ ಇಷ್ಟು ಹೇಳಿ ಮುಗಿಸಬಹುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಂದಿಮಾಂಸವನ್ನು ಅಡುಗೆಮನೆಯ ಒಳಕ್ಕೆ ತರುತ್ತಿರಲಿಲ್ಲ. ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಬೇರೆ ಮಡಕೆಯಲ್ಲಿ ಬೇಯಿಸಿ, ಹೊರಗೇ ತಿಂದು ಮುಗಿಸುತ್ತಿದ್ದರು. ರುಚಿಯನ್ನು ಒಪ್ಪಿಕೊಂಡವರು ಅದರ ಹೆಸರನ್ನು ಒಪ್ಪಿಕೊಳ್ಳಲು ಹಿಂಜರಿದರು. ಹಂದಿಯನ್ನು ಸಾಕಿ ಮಾರಿದ ಜನರನ್ನು ಊರಿನ ಹೊರಗೇ ಇರಿಸಿದರು. ಚಕ್ರವರ್ತಿಯ ಊಟದ ವಿವರ ಒಂಬೈನೂರು ವರ್ಷ ಉಳಿದಿದೆ. ಬೇಟೆನಾಯಿಗೂ ಒಂದು ಕಲ್ಲು ದೊರೆತಿದೆ. ಹಂದಿ ಸಾಕಿದವರ, ಗುಡ್ಡೆಯ ಮಾಂಸವನ್ನು ಹದವರಿತು ಬೇಯಿಸಿದವರ ಹೆಸರುಗಳು ಮಾತ್ರ ಎಲ್ಲಿಯೂ ಇಲ್ಲ.

ನಿಮ್ಮ ಮನೆಯಲ್ಲಿ ಹಿರಿಯರಿದ್ದು, ಈ ಅಡುಗೆ ಬಲ್ಲವರಾಗಿದ್ದರೆ, ಯಾವ ತುಂಡನ್ನು ಮೊದಲು ಹಾಕುತ್ತಿದ್ದರು, ಹುಳಿ ಎಲ್ಲಿಂದ ಬರುತ್ತಿತ್ತು, ಒಲೆ ಎಲ್ಲಿರುತ್ತಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೇಳಿದವರ ಹೆಸರನ್ನೂ ಅದರ ಕೆಳಗೆ ಬರೆಯಿರಿ. ಮಾನಸೋಲ್ಲಾಸದಲ್ಲಿ ಬಿಟ್ಟುಹೋದ ಪುಟಗಳನ್ನು ಹೀಗೆ ಮನೆಮನೆಯಲ್ಲಿಯೂ ತುಂಬಬಹುದು.